ಇನ್ನೊಂದು ಕಾಗದ

ವಿದೇಶದ ಮೆಡಿಕಲ್ ಕಾಲೇಜಿನ ಅರ್ಜಿಗೆ, ವೈದ್ಯೆಯಾಗುವ ಆಸೆ ಯಾಕೆ ಹುಟ್ಟಿತೆಂದು ಒಂದು ಪುಟ ಬರೆಯಬೇಕಿತ್ತು. “ಮನ್ಯಾಗ ಒಂದು ಸಾವು ಇದ್ರ ಸೀಟು ಗ್ಯಾರಂಟಿ” ಎಂದಿದ್ದ ಏಜೆಂಟ್. ಅವಳು ಬರೆದಳು: ಸಮಯಕ್ಕೆ ವೈದ್ಯರು ಸಿಗದೆ ನನ್ನ ಅಪ್ಪ ತೀರಿಕೊಂಡರು.

ಅದನ್ನು ಝೆರಾಕ್ಸ್ ಮಾಡಿಸಿ ತಂದದ್ದೂ ಅಪ್ಪನೇ. ಇಂಗ್ಲಿಷಿನಲ್ಲಿ ಅವನಿಗೆ ಗೊತ್ತಿದ್ದದ್ದು ಕೆಲವೇ ಶಬ್ದ. “ಎಲ್ಲಾ ಕಡೆ ಫಾದರ್ ಫಾದರ್ ಅಂತ ಬರದೀಯಲ್ಲ, ಹುಚ್ಚಿ! ನಿಮ್ಮವ್ವ ಜಗಳಾ ತಗೀತಾಳ ನೋಡು” ಎಂದು ನಕ್ಕಿದ್ದ.

ಇವತ್ತು ಕಾಲೇಜಿನಿಂದ ಮೇಲ್ ಬಂತು. ಪ್ರಬಂಧ ಮನಸ್ಸು ಕಲಕಿತು, ನಿಮ್ಮ ತಂದೆಯ ಡೆತ್ ಸರ್ಟಿಫಿಕೇಟ್ ಕಳಿಸಿದರೆ ಸೀಟು ಖಚಿತ.

“ಏನ ಬರದಾರ?” ಅಪ್ಪ ಅವಳ ಹಿಂದೆ ಬಂದು ನಿಂತ.

“ಇನ್ನೊಂದು ಕಾಗದ ಬೇಕಂತಪ್ಪಾ.”

“ಯಾವ್ದು? ಹೇಳು, ನಾಳೀನ ತರತೀನಿ.”

“ಅದು... ಸಾಲೀದು. ನಾನ ತರತೀನಿ ಬಿಡು.”

ಅಪ್ಪ ಕನ್ನಡಕ ಏರಿಸಿ ಪರದೆಯತ್ತ ಬಾಗಿದ. ನಗರಸಭೆಯ ಜನನ-ಮರಣ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಸರ್ಟಿಫಿಕೇಟುಗಳಿಗೆ ಸೀಲು ಒತ್ತಿದ ಜವಾನ ಅವನು. ಅವನ ಬೆರಳು ಪರದೆಯ ಮೇಲೆ ಸರಿದು, ತನಗೆ ಗೊತ್ತಿದ್ದ ಎರಡು ಶಬ್ದಗಳ ಕೆಳಗೆ ನಿಂತಿತು. ಅವಳು ತಲೆ ಎತ್ತಲಿಲ್ಲ.

“ಯಾವ ತಾರೀಖಿಗೆ ಸತ್ತೀನಂತ ಬರದೀ, ಮಗಳ?”