ಅಪ್ಪನ ನಂಬರಿನ ಚೀಟಿ

"ನಿಂಗೇನೂ ಬೇಜಾರಿಲ್ಲ ತಾನೆ ಪುಟ್ಟಿ? ಕೆಲಸ ಬಿದ್ದುಬಿಡ್ತು ಕಣೆ. ಮುಂದಿನ ವರ್ಷ ಖಂಡಿತ ಬರ್ತೀನಿ" ಎಂದು ಅಪ್ಪ ಫೋನಿನಲ್ಲಿ ಹೇಳಿದಾಗ ಹ್ಯಾಟಿ ಓಟದ ಗೆರೆಯ ಹತ್ತಿರ ನಿಂತಿದ್ದಳು. ಅಮೆರಿಕದ ಓಹಾಯೋ ರಾಜ್ಯದ ಆ ಊರಿನ ಹುಡುಗಿಯರು ದಿನಾ ಶಾಲೆ ಬಿಟ್ಟ ಮೇಲೆ ಅಭ್ಯಾಸ ಮಾಡಿದ್ದೆಲ್ಲ ಈ ಓಟಕ್ಕೇ. ಪ್ರತಿ ಹುಡುಗಿಯ ಜೊತೆಗೂ ಮನೆಯ ದೊಡ್ಡವರೊಬ್ಬರು ಓಡಬೇಕು. ಅಪ್ಪನ ಅಂಗಿಗೆ ಚುಚ್ಚಬೇಕಿದ್ದ ನಂಬರಿನ ಚೀಟಿ ಅವಳ ಮುಷ್ಟಿಯಲ್ಲಿ ಮುದುಡಿತ್ತು.

ಇಂಥ ಹೊತ್ತಿನಲ್ಲಿ ಹೇಗೆ ಮಾತಾಡಬೇಕೆಂದು ಕೋಚ್ ವಾಂಡಾ ಹೇಳಿಕೊಟ್ಟಿದ್ದರು. ಓಟದ ಅಭ್ಯಾಸದ ನಡುವೆ ಹುಡುಗಿಯರು ಇಬ್ಬಿಬ್ಬರಾಗಿ ಹುಲ್ಲಿನ ಮೇಲೆ ಎದುರುಬದುರು ನಿಂತು, ಮನಸ್ಸಿನಲ್ಲಿದ್ದುದನ್ನು ತಲೆ ತಗ್ಗಿಸದೆ ಹೇಳಿ, ಆಮೇಲೆ ಕಿಸಕ್ಕನೆ ನಗುತ್ತಿದ್ದರು.

"ಬೇಜಾರಿದೆ ಅಪ್ಪ" ಎಂದಳು ಹ್ಯಾಟಿ. "ಬರ್ತೀನಿ ಅಂತ ಹೇಳಿ ನೀನು ಬರದೇ ಇದ್ರೆ, ನಾನು ಯಾರಿಗೂ ಬೇಡ ಅನ್ಸತ್ತೆ."

ಅಭ್ಯಾಸದಲ್ಲಾಗಿದ್ದರೆ ಎದುರಿನ ಹುಡುಗಿ ತಕ್ಷಣ "ಸಾರಿ" ಎನ್ನುತ್ತಿದ್ದಳು. ಅಪ್ಪ ಅನ್ನಲಿಲ್ಲ. ಸುತ್ತಲೂ ಅಮ್ಮಂದಿರು ಬಗ್ಗಿ ಮಕ್ಕಳ ಶೂ ಲೇಸು ಬಿಗಿಯುತ್ತಿದ್ದರು. ಒಬ್ಬಳ ಅಜ್ಜ ಮೊಮ್ಮಗಳಿಂದ ಕೆನ್ನೆಗೆ ನಕ್ಷತ್ರ ಬರೆಸಿಕೊಳ್ಳುತ್ತಿದ್ದ. "ಇಲ್ಲಿ ತುಂಬಾ ಗಲಾಟೆ, ಕೇಳಿಸ್ಲಿಲ್ಲ ಪುಟ್ಟಿ" ಎಂದ ಅಪ್ಪ, ಕೊನೆಗೆ. ಫೋನಿನಲ್ಲಿ ಅವನ ಹಿಂದೆ ಒಂದು ಸದ್ದೂ ಕೇಳುತ್ತಿರಲಿಲ್ಲ. "ಏನಂದೆ?"

"ಏನಿಲ್ಲ ಬಿಡು" ಎನ್ನುವುದು ಹ್ಯಾಟಿಗೆ ಮೊದಲಿನಿಂದಲೂ ರೂಢಿ. ನಾಲಿಗೆಯ ತುದಿಗೆ ಅದೇ ಬಂದಿತ್ತು. ಅವಳು ಚೀಟಿಯ ಮಡಿಕೆಗಳನ್ನು ಹೆಬ್ಬೆರಳಿನಿಂದ ಒಂದೊಂದಾಗಿ ಬಿಡಿಸಿದಳು. ಆಮೇಲೆ, ಅಮ್ಮಂದಿರೆಲ್ಲ ಲೇಸು ಬಿಟ್ಟು ತಿರುಗಿ ನೋಡುವಷ್ಟು ಜೋರಾಗಿ, ಅಪ್ಪನಿಗೆ ಹೇಳಿದ್ದನ್ನೇ ಮತ್ತೆ ಮೊದಲಿನಿಂದ ಹೇಳಿದಳು.