ಕೊನೆಯ ಒದೆ

ಸೈರನ್ ಕೂಗಿ ಫೈನಲ್ ಮುಗಿದಿತ್ತು, ಆದರೆ ಭಾನುಪ್ರಿಯಳಿಗೆ ಒಂದು ಒದೆ ಬಾಕಿಯಿತ್ತು. ಆಸ್ಟ್ರೇಲಿಯನ್ ಫುಟ್‌ಬಾಲಿನ ನಿಯಮವೇ ಹಾಗೆ, ಸೈರನ್ನಿಗೆ ಮೊದಲು ಚೆಂಡನ್ನು ಗಾಳಿಯಲ್ಲೇ ಹಿಡಿದವಳು ಆಮೇಲೂ ಒದೆಯಬಹುದು. ಈ ಮೊಟ್ಟೆಯಾಕಾರದ ಚೆಂಡು ಕಂಬಗಳ ನಡುವೆ ಹೋದರೆ ಚನ್ನಪಟ್ಟಣದ ಹುಡುಗಿಯರ ಕ್ಲಬ್ಬಿಗೆ ಮೊದಲ ಕಪ್.

ಗಂಡು ಹುಡುಕುತ್ತಿದ್ದ ಅಪ್ಪನಿಗೆ ಅವಳು ಹೋದ ವರ್ಷ ಮಾತು ಕೊಟ್ಟಿದ್ದಳು: "ನಮ್ ಕ್ಲಬ್ಬು ಕಪ್ ಗೆಲ್ಲಲಿ ಕಣಪ್ಪ, ಅವತ್ತೇ ಆಟ ಬುಟ್ಟು ನೀನ್ ಹೇಳ್ದೋನ್ನ ಮದ್ವೆ ಆಯ್ತೀನಿ." ಆಗ ಕ್ಲಬ್ಬು ಎಲ್ಲರ ಕೈಲೂ ಸೋಲುತ್ತಿತ್ತು. ಈ ವರ್ಷ ಒಂದಾದ ಮೇಲೊಂದು ಪಂದ್ಯ ಗೆದ್ದು ಇಲ್ಲಿಗೆ ಬಂದು ನಿಂತಿತ್ತು.

"ಹೊಡಿಯಮ್ಮೀ!" ಗೆರೆಯಾಚೆಯಿಂದ ಅಪ್ಪ ಕರಿಯಪ್ಪ ಕೂಗಿದ. ಪಕ್ಕದಲ್ಲಿ ಹೊಂಗನೂರಿನ ಗಂಡಿನ ಕಡೆಯವರು ನಗುತ್ತಾ ನಿಂತಿದ್ದರು. ಪಾದವನ್ನು ಒಂದಿಷ್ಟು ಓರೆ ಮಾಡಿದರೆ ಸಾಕಿತ್ತು, ಚೆಂಡು ಕಂಬದಾಚೆ ಹೋಗುತ್ತಿತ್ತು. ಭಾನುಪ್ರಿಯ ತನ್ನ ಒದೆಗಾಗಿ ಕಾಯುತ್ತಿದ್ದ ಗೆಳತಿಯರನ್ನು ನೋಡಿದಳು. ಓಡಿಬಂದು ನೇರವಾಗಿಯೇ ಒದ್ದಳು.

ಚೆಂಡು ಕಂಬಗಳ ನಡುವೆ ಹಾರಿತು. ಗೆಳತಿಯರು ಕಿರುಚುತ್ತಾ ಅವಳನ್ನು ಕೆಡವಿ ಒಬ್ಬರ ಮೇಲೊಬ್ಬರು ಬಿದ್ದರು. ಆಚೆ ಅಪ್ಪ ಶಿಳ್ಳೆ ಹೊಡೆಯುತ್ತಿದ್ದ. ಎಲ್ಲರ ಅಡಿಯಲ್ಲಿ ಭಾನುಪ್ರಿಯ ಮುಖವನ್ನು ಹುಲ್ಲಿಗೆ ಒತ್ತಿಕೊಂಡು, ಕೈಗೆ ಸಿಕ್ಕಿದವಳ ಜರ್ಸಿಯನ್ನು ಬಿಗಿಯಾಗಿ ಹಿಡಿದಳು.

"ಒಸಿ ಹೊತ್ತು ಯಾರೂ ಏಳ್‌ಬ್ಯಾಡ್ರೇ," ಎಂದಳು.