ಮಾತ್ರೆ ಬೇಡದ ಕೋತಿ

"ಆ ಡಬ್ಬಿ ಇಲ್ಲಿ ಕೊಡಕ್ಕ" ಎಂದು ತಮ್ಮ ಕೈ ಚಾಚಿದ. ಅಕ್ಕ ಮಾತ್ರೆಯ ಡಬ್ಬಿಯನ್ನು ಕೈಚೀಲದೊಳಕ್ಕೆ ಇನ್ನಷ್ಟು ತಳ್ಳಿದಳು. ಮೊದಲು ಕೋತಿಯನ್ನು ತೋರಿಸು, ಆಮೇಲೆ ನೋಡೋಣ ಎಂದಳು.

ಅವಳ ಹೊಟ್ಟೆಯಲ್ಲಿದ್ದುದು ತಮ್ಮನ ಕಿಡ್ನಿ. ಅವನು ಅದನ್ನು ಕೊಟ್ಟು ಮುಗಿಸಿದ್ದ. ಕೊಟ್ಟೆನೆಂದು ಹೇಳುವುದನ್ನು ಇನ್ನೂ ಮುಗಿಸಿರಲಿಲ್ಲ. ಫೋನಿನಲ್ಲಿ "ಹೇಗಿದೀಯ" ಎನ್ನುತ್ತಿರಲಿಲ್ಲ, "ನನ್ನ ಕಿಡ್ನಿ ಹೇಗಿದೆ" ಎನ್ನುತ್ತಿದ್ದ. ಪರರ ಅಂಗವೆಂದು ಮೈ ಅದರ ಮೇಲೆ ಎಗರದಂತೆ ತಡೆದಿದ್ದುದು ಆ ಮಾತ್ರೆಗಳು. ಅವುಗಳಿಂದ ಅವಳ ಕೈ ನಡುಗುತ್ತಿತ್ತು, ಬಾಯಿ ಕಹಿಯಾಗಿತ್ತು. ಬಿಟ್ಟರೆ ಕಿಡ್ನಿಯೇ ಹೋದೀತೆಂಬ ಭಯ.

ತಮ್ಮ ದೊಡ್ಡ ವಿಜ್ಞಾನಿ. ಮೈಯೊಳಗಿನ ಜಗಳಗಂಟ ಕೋಶಗಳನ್ನು ತಣ್ಣಗಾಗಿಸುವ ನಿಯಂತ್ರಕ ಕೋಶಗಳನ್ನು ಬೆಳೆಸಿದ್ದ. ಅಕ್ಕನಿಗೂ ಚುಚ್ಚಿ ಆಗಿತ್ತು. ಇವತ್ತಿನಿಂದ ಮಾತ್ರೆ ಬಂದ್.

ಪ್ರಯೋಗಾಲಯದಲ್ಲಿ ಒಂದಕ್ಕೊಂದು ಅಂಟಿದ ಎರಡು ಪಂಜರ. ಎರಡು ಕೋತಿಗಳಿಗೂ ಕಸಿ ಮಾಡಿದ ಕಿಡ್ನಿ. ಚಿಕ್ಕದಕ್ಕೆ ಕೋಶ ಚುಚ್ಚಿ ಮಾತ್ರೆ ನಿಲ್ಲಿಸಿದ್ದರು. ಅದರ ಮೈ ಮಿರಮಿರ ಮಿಂಚುತ್ತಿತ್ತು. ಹೋಲಿಕೆಗೆಂದು ಇಟ್ಟ ಮುದಿ ಕೋತಿಗೆ ಕೋಶವಿಲ್ಲ, ಬಾಳೆಹಣ್ಣಿನ ತುಂಡಿನಲ್ಲಿ ಹುದುಗಿಸಿದ ಮಾತ್ರೆ. ಅದು ಮೂಲೆಯಲ್ಲಿ ಮುದುಡಿ ಕೂತಿತ್ತು.

"ನಿನ್ನ ಮಾತ್ರೆ ನಂಬಿದವರ ಗತಿ ನೋಡು" ಎಂದ ತಮ್ಮ. "ಡೋಸ್ ಎಷ್ಟು ಏರಿಸಿದ್ರೂ ರಕ್ತದಲ್ಲಿ ಸಿಗೋದೇ ಇಲ್ಲ. ಮುದಿ ಕರುಳು, ಏನೂ ಹೀರ್ಕೊಳ್ಳಲ್ಲ."

ಚಿಕ್ಕದರ ರಕ್ತದಲ್ಲಿ ಯಾರೂ ಮಾತ್ರೆಯನ್ನು ಹುಡುಕಿರಲಿಲ್ಲ. ಕೊಡದಿದ್ದುದನ್ನು ಹುಡುಕುವಷ್ಟು ದಡ್ಡರು ಅಲ್ಲಿ ಯಾರಿದ್ದರು?

ಸಹಾಯಕಿ ಹಣ್ಣಿನ ತುಂಡು ಕೊಟ್ಟಳು. ಮುದಿ ಕೋತಿ ವಿಧೇಯವಾಗಿ ಬಾಯಿಗೆ ಹಾಕಿಕೊಂಡಿತು. ಬಿಳಿ ಕೋಟುಗಳೆಲ್ಲ ತಲೆದೂಗಿದವು. ಇನ್ನೇನು ಅನುಮಾನ? ಅಕ್ಕ ಡಬ್ಬಿ ತೆಗೆದು ಕೊಟ್ಟೇಬಿಟ್ಟಳು. ತಮ್ಮ ಅದನ್ನು ಕಸದ ಬುಟ್ಟಿಗೆ ಬಿಸಾಡಿ ಕೈ ಕೊಡವಿಕೊಂಡ.

ಹೊರಗೆ ಪತ್ರಿಕೆಯವರು ಕಾದಿದ್ದರು. ಫೋಟೋಗೆ ಎಲ್ಲರೂ ಹೊರಟರು. ಕಾಲು ಸೋತಿದೆ, ಆಮೇಲೆ ಬರುತ್ತೇನೆಂದು ಅಕ್ಕ ಸ್ಟೂಲಿನ ಮೇಲೆ ಕೂತಳು. ಮುದಿ ಕೋತಿಯ ಪಂಜರದತ್ತ ಬಾಗಿದಳು.

"ನಿಂಗೂ ಬಾಯೆಲ್ಲಾ ಕಹೀನಾ?" ಎಂದು ಮೆಲ್ಲಗೆ ಕೇಳಿದಳು.

ಅದು ಬಾಗಿಲಿನತ್ತ ಒಮ್ಮೆ ನೋಡಿತು. ಗಲ್ಲದ ಚೀಲದೊಳಕ್ಕೆ ಬೆರಳು ತೂರಿಸಿ, ಅಗಿಯದ ಹಣ್ಣಿನ ತುಂಡನ್ನು ಹೊರತೆಗೆಯಿತು. ಬಿಳಿ ಮಾತ್ರೆ ಇನ್ನೂ ಇಣುಕುತ್ತಿತ್ತು. ಸರಳುಗಳ ನಡುವೆ ಕೈ ಚಾಚಿತು.

ಆಚೆ ಪಂಜರದ ಚಿಕ್ಕದು ಆಗಲೇ ಬಾಯಿ ತೆರೆದು ಕಾದಿತ್ತು.